ರಷ್ಯಾದ ಅರಸೊತ್ತಿಗೆಯನ್ನು ಕ್ರಾಂತಿಯಿಂದ ಉರುಳಿಸಿದ್ದು ನ್ಯಾಯವೇ?

ಪ್ರಶ್ನೆ (ಮೈಸೂರು):
1947ರಲ್ಲಿ ‘ಮೈಸೂರು ಚಲೋ’ ಚಳವಳಿಗೆ ಮಣಿದು ನಮ್ಮ ಮಹಾರಾಜರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದರು. ಹಾಗಿರುವಾಗ 1917ರಲ್ಲಿ ರಷ್ಯನ್ನರಿಗೆ ಕ್ರಾಂತಿಯೇ ಬೇಕಿತ್ತೆ?

ಉತ್ತರ (ಮಂಡ್ಯ):
ಬೇಕಿತ್ತೆಂದೇ ನನ್ನ ನಂಬಿಕೆ. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಕಾರ್ಮಿಕರು ಝಾರ್ (ರಷ್ಯಾದ ಚಕ್ರವರ್ತಿ) ಎರಡನೇ ನಿಕೋಲಸನ ಚಿತ್ರಗಳನ್ನೇ ಹಿಡಿದು, ಅಹವಾಲು ಹೊತ್ತು ಅರಮನೆಯತ್ತ ನಡೆದಾಗ ಸೈನಿಕರು ಅವರ ಮೇಲೆ ಗುಂಡು ಹಾರಿಸಿದರು. ಅನಂತರ ತಾನೇ ಕೊಟ್ಟ ಡೂಮಾ ಎಂಬ ಶಾಸನಸಭೆಯನ್ನು ಅವನು 1906ರಲ್ಲಿಯೂ 1907ರಲ್ಲಿಯೂ ವಿಸರ್ಜಿಸಿದನು. ಅರ್ಜಿಗೂ ಸಭೆಗೂ ಬಾಗಿಲು ಮುಚ್ಚಿದ ಮೇಲೆ ಪ್ರಜೆಗಳಿಗೆ ಉಳಿದದ್ದು ಬೀದಿಯೊಂದೇ. (ನಮ್ಮಲ್ಲಿ ಪ್ರಜಾಪ್ರತಿನಿಧಿ ಸಭೆ 1881ರಿಂದಲೇ ಇತ್ತು.)

ಉತ್ತರ (ಮೈಸೂರಿನ ಮತ್ತೊಬ್ಬರು):
ತಾವು ಹೇಳಿದ್ದು ಝಾರನನ್ನು ಇಳಿಸಿದ 1917ರ ಫೆಬ್ರವರಿ ಕ್ರಾಂತಿಗೆ ಸಲ್ಲುತ್ತದೆ. ಆದರೆ ಚುನಾಯಿತ ಸಂವಿಧಾನ ಸಭೆಯನ್ನು ಆಮೇಲೆ ಅಧಿಕಾರ ಹಿಡಿದ ಲೆನಿನ್ನನ ಪಕ್ಷದವರಾದ ಬೋಲ್ಷೆವಿಕರು 1918ರ ಜನವರಿಯಲ್ಲಿ ಚದುರಿಸಿದ್ದನ್ನಾಗಲಿ, ಜುಲೈನಲ್ಲಿ ಮಕ್ಕಳ ಸಮೇತ ರಾಜಕುಟುಂಬವನ್ನು ಕೊಂದದ್ದನ್ನಾಗಲಿ ನಾನು ಒಪ್ಪಲಾರೆ.

ಪ್ರಶ್ನೆ ಕೇಳಿದವರು:
ಒಪ್ಪಿದೆ. ನಮ್ಮ ಸಂಸ್ಥಾನದಲ್ಲಿಯೂ 1938ರಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿತ್ತೆಂಬುದನ್ನು ನಾನು ಮರೆತಿದ್ದೆ.