ಪಚಡಿ: ನಮ್ಮದೇ ಪದವಾ, ಅಕ್ಕಪಕ್ಕದಿಂದ ಬಂದದ್ದಾ?

ಎಲ್ಲರಿಗೂ ನಮಸ್ಕಾರ.

'ಪಚಡಿ' ಅಂದರೆ ನಿಮ್ಮ ಮನೆಯಲ್ಲಿ ಏನು ಬಡಿಸುತ್ತಾರೆ? ದಕ್ಷಿಣ ಭಾರತದ ಉದ್ದಕ್ಕೂ ಈ ಪದ ಇದೆ. ಆದರೆ ರಾಜ್ಯ ದಾಟಿದ ಕೂಡಲೇ ಎಲೆಗೆ ಬೀಳುವುದು ಬೇರೆಯೇ ಆಗಿರುತ್ತದೆ. ಇದರ ಬಳಕೆ, ಹುಟ್ಟು ಎರಡರ ಬಗ್ಗೆಯೂ ಕೇಳಬೇಕಿದೆ.

ಧಾರವಾಡ, ಬಾಗಲಕೋಟೆ ಕಡೆ ಪಚಡಿ ಅಂದರೆ ಹಸಿಯದು. ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ, ಎಳೆ ಮೆಂತ್ಯ ಸೊಪ್ಪು ಹೆಚ್ಚಿ, ಶೇಂಗಾ ಪುಡಿ ಉದುರಿಸಿ ರೊಟ್ಟಿ ಜೊತೆ ತಿನ್ನುತ್ತಾರೆ. ಬೇಯಿಸುವ ಮಾತೇ ಇಲ್ಲ. ಮಹಾರಾಷ್ಟ್ರದಲ್ಲೂ ಹೆಚ್ಚುಕಡಿಮೆ ಹೀಗೇ. ಅಲ್ಲಿ ಹಸಿ ಎಲೆಕೋಸಿನ ಪಚಡಿ ಮಾಡುತ್ತಾರೆ.

ತೆಲುಗರ ಪಚ್ಚಡಿ ಹಾಗಲ್ಲ. ಅದು ರುಬ್ಬಿದ್ದು, ನಮ್ಮ ಚಟ್ನಿಯ ಜಾತಿ. ಗೋಂಗೂರ ಪಚ್ಚಡಿಗೆ ಪುಂಡಿ ಸೊಪ್ಪನ್ನು ಎಣ್ಣೆಯಲ್ಲಿ ಬಾಡಿಸಿ, ಹುರಿದ ಮೆಣಸಿನಕಾಯಿ ಸೇರಿಸಿ ರುಬ್ಬುತ್ತಾರೆ. ತಿಂಗಳುಗಟ್ಟಲೆ ಇಡುವ ಉಪ್ಪಿನಕಾಯಿಗೂ ಅವರು 'ನಿಲ್ವ ಪಚ್ಚಡಿ' ಅನ್ನುತ್ತಾರೆ. ಯುಗಾದಿಯ ದಿನ ಬೇವಿನ ಹೂವು, ಬೆಲ್ಲ, ಹುಣಸೆ, ಮಾವಿನಕಾಯಿ, ಉಪ್ಪು, ಖಾರ ಸೇರಿಸಿ ಮಾಡುವುದೂ ಪಚ್ಚಡಿಯೇ. ಅದೇ ಹಬ್ಬಕ್ಕೆ ನಾವು ಸುಮ್ನೆ 'ಬೇವು ಬೆಲ್ಲ' ಅಂದುಬಿಡುತ್ತೇವೆ. ತಮಿಳರು ಚಿತ್ತಿರೈ ತಿಂಗಳ ಮೊದಲ ದಿನ ಬೆಲ್ಲ ಹಾಕಿ ಮಾವಿನಕಾಯಿ ಪಚ್ಚಡಿ ಮಾಡುತ್ತಾರೆ. ಉಳಿದ ದಿನ ಅಲ್ಲಿ ಜಾಸ್ತಿ ಕಾಣುವುದು ತಯಿರ್ ಪಚ್ಚಡಿ. ಅದು ಮೈಸೂರು ಕಡೆಯ ಮೊಸರುಬಜ್ಜಿ.

ನನಗೆ ತುಂಬ ಹಿಡಿಸಿದ್ದು ಕೇರಳದ ಪಚ್ಚಡಿ. ಓಣಂ ಊಟದ ಅನಾನಸ್ ಪಚ್ಚಡಿಗೆ ತೆಂಗಿನಕಾಯಿ, ಸಾಸಿವೆ ರುಬ್ಬಿ ಹಾಕಿ ಮೊಸರು ಕಲಸುತ್ತಾರೆ. ಇದು ನಮ್ಮ ಮಲೆನಾಡು, ಕರಾವಳಿಯ ಸಾಸಿವೆ ಅಥವಾ ಸಾಸ್ಮೆಯೇ ಅಲ್ವಾ? ಕೊಂಕಣಿಯವರ ಸಾಸಮ್ ಕೂಡ ಇದರ ಹತ್ತಿರದ್ದೇ. ನಾವು ರುಬ್ಬಿ ಹಾಕಿದ ಸಾಸಿವೆಯನ್ನೇ ಹೆಸರಿಗೆ ಆರಿಸಿಕೊಂಡೆವು. ಅವರು ಪಚ್ಚಡಿ ಅಂತಲೇ ಉಳಿಸಿಕೊಂಡರು. ಅದೇ ಎಲೆಯ ಮೇಲೆ 'ಕಿಚ್ಚಡಿ' ಅಂತ ಇನ್ನೊಂದು ಮೊಸರಿನ ಅಡುಗೆ ಇರುತ್ತದೆ. ಉತ್ತರ ಭಾರತದ ಅಕ್ಕಿ-ಬೇಳೆ ಖಿಚಡಿಗೂ ಅದಕ್ಕೂ ಸಂಬಂಧವೇ ಇಲ್ಲ. ತಮಿಳುನಾಡಿನ ರವೆ ಕಿಚಡಿ ಇವೆರಡೂ ಅಲ್ಲ, ಅದು ಉಪ್ಪಿಟ್ಟಿನ ಬಳಗ. ಆ ಪದಕ್ಕೇ ಬೇರೆ ಓಲೆ ಬರೆಯಬೇಕು.

ಇನ್ನು ಹುಟ್ಟಿನ ಪ್ರಶ್ನೆ. ತೆಲುಗಿನ ಪಚ್ಚಿ, ತಮಿಳಿನ ಪಚ್ಚೈ, ತುಳುವಿನ ಪಜಿ, ಹಳಗನ್ನಡದ ಪಸಿ, ಎಲ್ಲಕ್ಕೂ 'ಹಸಿ' ಎಂಬ ಅರ್ಥ ಇದೆ. ಪಚಡಿಯ ಮೊದಲ ಭಾಗ ಇದೇ ಇರಬೇಕು. ಹಾಗಿದ್ದರೆ ಉತ್ತರ ಕರ್ನಾಟಕದ ಪಚಡಿಯೇ ಮೂಲ ಅರ್ಥಕ್ಕೆ ಹತ್ತಿರ ಉಳಿದಿದೆ. ಬಾಡಿಸಿ ರುಬ್ಬುವ ತೆಲುಗು ಪಚ್ಚಡಿ ತುಂಬ ದೂರ ಹೋಗಿದೆ. ಕೊನೆಯ 'ಅಡಿ'ಯನ್ನು 'ಹೊಡೆ, ಕುಟ್ಟು' ಎಂಬ ತಮಿಳು ಮಾತಿಗೆ ಜೋಡಿಸುವವರಿದ್ದಾರೆ. ನನಗೆ ಒಪ್ಪಿಗೆಯಾಗಿಲ್ಲ. ತಮಿಳರ ಮೊಸರು ಪಚ್ಚಡಿಯಲ್ಲೇ ಕುಟ್ಟುವ ಕೆಲಸ ಇಲ್ಲವಲ್ಲ!

ಆದರೆ ಪದ ನಮ್ಮದೇ ಆಗಿದ್ದರೆ ಪಕಾರ ಯಾಕೆ ಉಳಿಯಿತು? ಸುಮಾರು 10ನೇ ಶತಮಾನದಿಂದ ಕನ್ನಡ ಪದಗಳ ಮೊದಲ ಪಕಾರ ಹಕಾರಕ್ಕೆ ತಿರುಗುತ್ತಾ ಬಂತು. ಅಡುಗೆಮನೆಯ ಮಾತುಗಳಲ್ಲೇ ಇದು ಚೆನ್ನಾಗಿ ಕಾಣುತ್ತದೆ. ಪಾಲು ಹಾಲಾಯಿತು, ಪುಳಿ ಹುಳಿಯಾಯಿತು, ಪಿಟ್ಟು ಹಿಟ್ಟಾಯಿತು. ಸಂಸ್ಕೃತದ ಪೂರಣವನ್ನೂ ಬಿಡದೆ ಹೂರಣ ಮಾಡಿಕೊಂಡೆವು. ತಂಬುಳಿಯಲ್ಲಿ ಮಾತ್ರ ಹಳೆಯ ಪುಳಿ ನಡುವೆ ಸಿಕ್ಕಿಕೊಂಡು, ಬಕಾರವಾಗಿ ಉಳಿದುಕೊಂಡಿದೆ. ಈ ಲೆಕ್ಕದಲ್ಲಿ ಪಚಡಿ 'ಹಚಡಿ' ಆಗಬೇಕಿತ್ತು. 'ಪಲ್ಯ', 'ಪುಂಡಿ' ಕೂಡ ಬದಲಾಗಲಿಲ್ಲವಲ್ಲ ಅಂತ ನೀವು ಕೇಳಬಹುದು. ನಿಜ, ಅದಕ್ಕೇ ಇದೊಂದರಿಂದ ತೀರ್ಮಾನ ಮಾಡುವ ಹಾಗಿಲ್ಲ.

ಇನ್ನೊಂದು ಸುಳಿವಿದೆ. ತೆಲುಗು, ತಮಿಳು, ಮಲಯಾಳದಲ್ಲಿ ಚಕಾರಕ್ಕೆ ಒತ್ತು ಇದೆ. ಉತ್ತರ ಕರ್ನಾಟಕದ ಮಾತಿನಲ್ಲೂ ಮರಾಠಿಯಲ್ಲೂ ಒತ್ತು ಇಲ್ಲ. ಅರ್ಥವೂ ಈ ಎರಡು ಕಡೆ ಒಂದೇ. ಹಾಗಾಗಿ ದಕ್ಷಿಣದ ಪದ ಮರಾಠಿಗೆ ಹೋಗಿ, ಅಲ್ಲಿಂದ ಧಾರವಾಡದ ಕಡೆಗೆ ತಿರುಗಿ ಬಂದಿರಬೇಕು ಎಂಬುದು ನನ್ನ ಊಹೆ.

ಬಳ್ಳಾರಿ, ರಾಯಚೂರು, ಪಾವಗಡ, ಬಾಗೇಪಲ್ಲಿ ಕಡೆಯವರು ದಯವಿಟ್ಟು ಬರೆಯಿರಿ. ನಿಮ್ಮ ಕನ್ನಡದಲ್ಲಿ ಒತ್ತು ಇದೆಯಾ, ಇಲ್ಲವಾ? ತಟ್ಟೆಗೆ ಬರುವುದು ಹೆಚ್ಚಿದ್ದಾ, ರುಬ್ಬಿದ್ದಾ? ತೆಲುಗಿನ ಗಡಿಯಲ್ಲೂ ಒತ್ತಿಲ್ಲದ ಹಸಿ ಪಚಡಿಯೇ ಇದ್ದರೆ ನನ್ನ ಊಹೆ ಬಿದ್ದುಹೋಗುತ್ತದೆ. ಮಂಗರಸ 16ನೇ ಶತಮಾನದ ಶುರುವಿನಲ್ಲಿ ಬರೆದ ಅಡುಗೆ ಪುಸ್ತಕ ಸೂಪಶಾಸ್ತ್ರ ಯಾರ ಹತ್ತಿರವಾದರೂ ಇದ್ದರೆ, ಅದರಲ್ಲಿ ಪಚಡಿಯೋ ಪಚ್ಚಡಿಯೋ ಬಂದಿದೆಯಾ ನೋಡಿ, ಬಂದಿದ್ದರೆ ಆ ಸಾಲನ್ನು ಹಾಗೇ ಇಲ್ಲಿ ಹಾಕಿ.