ಮೂರು ವರ್ಷದ ಮಗುವಿನಿಂದ 77ರ ಅಪ್ಪನವರೆಗೆ 14 ಜನ ಕ್ರೂಸ್ ಹೋಗಬೇಕು, ತಿಳಿದವರು ಹೇಳಿ

ವಿರಾಜಪೇಟೆ ಮಗಳು:

ನಮಸ್ಕಾರ ಎಲ್ಲರಿಗೂ. ಇಲ್ಲಿ ಮಳೆ ಹಿಡಿದಿದೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಅದಕ್ಕೆ ಒಂದೇ ಉಸಿರಿಗೆ ಕೇಳಿಬಿಡುತ್ತೇನೆ.

ಅಪ್ಪ ಅವ್ವನ ಮದುವೆಯಾಗಿ ಈ ಅಕ್ಟೋಬರ್‌ಗೆ 50 ವರ್ಷ ತುಂಬುತ್ತದೆ. ಮಂಟಪ ಹಿಡಿದು ಊರಿಗೆಲ್ಲ ಊಟ ಹಾಕಿಸುವುದು ಬೇಡ ಅಂತ ಇಬ್ಬರೂ ಹೇಳಿದ್ದಾರೆ. ಅವ್ವ ಸಮುದ್ರ ನೋಡಿದ್ದೇ ಎರಡು ಸಲ, ಅದೂ ಕಣ್ಣೂರಿಗೆ ಆಸ್ಪತ್ರೆ ಕೆಲಸಕ್ಕೆ ಹೋದಾಗ ದೂರದಿಂದ. ಹೋದ ತಿಂಗಳು ಟಿವಿಯಲ್ಲಿ ದೊಡ್ಡ ಹಡಗು ತೋರಿಸುತ್ತಿದ್ದಾಗ "ಅದರೊಳಗೆ ಮಲಗಿದರೆ ನಿದ್ದೆ ಬರುತ್ತಾ?" ಅಂತ ಕೇಳಿದರು. ನಮ್ಮ ಅವ್ವ ತನಗಾಗಿ ಏನನ್ನೂ ಕೇಳಿದವರಲ್ಲ. ನಾವು ಮೂರು ಜನ ಮಕ್ಕಳು ಅವತ್ತು ರಾತ್ರಿಯೇ ಫೋನಲ್ಲಿ ಮಾತಾಡಿ ಹಡಗಿಗೇ ಕರೆದುಕೊಂಡು ಹೋಗೋಣ ಅಂದುಕೊಂಡೆವು.

ಅಪ್ಪ 77, ಅವ್ವ 71. ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು 15 ಮತ್ತು 12. ನಾನು, ಯಜಮಾನರು, ನಮ್ಮಿಬ್ಬರು ಮಕ್ಕಳು 9 ಮತ್ತು 3. ನಮ್ಮತ್ತೆ, ಅವರಿಗೆ ಮಂಡಿ ನೋವು. ಅಪ್ಪನ ತಂಗಿ. ಬೆಂಗಳೂರಿನ ತಮ್ಮ, ಅವನ ಹೆಂಡತಿ (ಈಗ ಎರಡೂವರೆ ತಿಂಗಳ ಬಸುರಿ). ಒಟ್ಟು 14.

ಅಕ್ಟೋಬರ್ ಯಾಕೆಂದರೆ ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬ ಮುಗಿದಿರುತ್ತದೆ, ಪುತ್ತರಿ ಹಬ್ಬಕ್ಕೆ ಇನ್ನೂ ಸಮಯ ಇರುತ್ತದೆ, ಕಾಫಿ ಕುಯ್ಲು ಶುರುವಾಗಿರಲ್ಲ, ಮಕ್ಕಳಿಗೆ ದಸರಾ ರಜೆ. ಆದರೆ ಅಪ್ಪ ತುಲಾ ಸಂಕ್ರಮಣಕ್ಕೆ ತಲಕಾವೇರಿ ತಪ್ಪಿಸುವವರಲ್ಲ, ಅದಾದ ಮೇಲೆಯೇ ಹೊರಡಬೇಕು.

ತಮ್ಮ ಸಿಂಗಾಪುರದಿಂದ ಹೋಗೋಣ ಅನ್ನುತ್ತಾನೆ. ಅಣ್ಣ ಮುಂಬೈಯಿಂದ ಸಾಕು ಅನ್ನುತ್ತಾನೆ, ಅವನ ಕೈಗೆ ದುಡ್ಡು ಬರುವುದು ಕಾಫಿ ಮಾರಿದ ಮೇಲೆ, ಅಕ್ಟೋಬರ್‌ನಲ್ಲಿ ಅವನಿಗೆ ಕಷ್ಟ. ಮಂಗಳೂರಿಂದ ಹಡಗು ಇಲ್ವಾ? ರೂಮು ಹೇಗೆ ತೆಗೆದುಕೊಳ್ಳಬೇಕು? ನನ್ನ ಚಿಕ್ಕವಳಿಗೆ ಮಾಕುಟ್ಟ ಘಾಟಿಯಲ್ಲೇ ವಾಂತಿ, ಸಮುದ್ರದಲ್ಲಿ ಏನು ಗತಿ? ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ಕುಶಾಲನಗರದವ:

ನಾವು 11 ಜನ ಮುಂಬೈಯಿಂದ ಲಕ್ಷದ್ವೀಪದ ಕಡೆ ಹೋಗಿ ಬಂದಿದ್ದೇವೆ ಅಕ್ಕ, ಗೊತ್ತಿರುವಷ್ಟು ಹೇಳುತ್ತೇನೆ.

ಮಂಗಳೂರಿನ ವಿಷಯ ಮೊದಲು. ಸೀಸನ್‌ನಲ್ಲಿ ಪಣಂಬೂರಿನ ಬಂದರಿಗೆ ದೊಡ್ಡ ಹಡಗುಗಳು ಬರುತ್ತವೆ, ಪೇಪರ್‌ನಲ್ಲಿ ಫೋಟೋ ನೋಡಿರುತ್ತೀರಿ. ಆದರೆ ಅವು ಹೊರದೇಶದವರನ್ನು ಊರು ನೋಡಲು ಇಳಿಸಿ ಸಂಜೆಗೆ ವಾಪಸ್ ಹತ್ತಿಸಿಕೊಂಡು ಹೋಗುವ ಹಡಗುಗಳು. ನಮ್ಮವರು ಸಂಸಾರ ಸಮೇತ ಹತ್ತುವುದು ಹೆಚ್ಚಾಗಿ ಮುಂಬೈಯಿಂದಲೇ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರ್‌ನಿಂದ ಓಡುತ್ತಿದೆ, ಗೋವಾ, ಲಕ್ಷದ್ವೀಪ, ಕೊಚ್ಚಿ ಅಂತ ಬೇರೆ ಬೇರೆ ಟ್ರಿಪ್ ಮಾಡುತ್ತದೆ. ನಮ್ಮ ದೇಶದೊಳಗೇ ಸುತ್ತುವ ಟ್ರಿಪ್ ಆದರೆ ಪಾಸ್‌ಪೋರ್ಟ್ ರಗಳೆ ಇಲ್ಲ, ಹಿರಿಯರನ್ನು ಕರೆದುಕೊಂಡು ಹೋಗುವಾಗ ಅದೇ ಅರ್ಧ ಕೆಲಸ ಕಮ್ಮಿ.

ಹಡಗು ಹೊರಡುವ ದಿನ ಬೆಳಿಗ್ಗೆ ವಿಮಾನ ಹಿಡಿದು ಹೋಗುವ ಯೋಚನೆ ಬೇಡ. ನಮ್ಮಲ್ಲಿ ರೈಲಿಲ್ಲ, ವಿಮಾನವಿಲ್ಲ, ಕಣ್ಣೂರೋ ಮಂಗಳೂರೋ ಬೆಂಗಳೂರೋ ಎಲ್ಲಿಗೆ ಹೋಗುವುದಾದರೂ ರಸ್ತೆಯಲ್ಲೇ ಇಳಿಯಬೇಕು, ದಾರಿಯಲ್ಲಿ ಒಂದು ಮರ ಬಿದ್ದರೆ ಎರಡು ಗಂಟೆ ಹೋಯಿತು. ಹಡಗು ಯಾರಿಗೂ ಕಾಯುವುದಿಲ್ಲ, ಹತ್ತಿಸಿಕೊಳ್ಳುವುದನ್ನು ಹೊರಡುವ ಸಮಯಕ್ಕಿಂತ ಸಾಕಷ್ಟು ಮುಂಚೆಯೇ ನಿಲ್ಲಿಸುತ್ತಾರೆ. ಹಿಂದಿನ ದಿನವೇ ಮುಂಬೈ ಸೇರಿ, ಬ್ಯಾಲಾರ್ಡ್ ಪಿಯರ್ ಹತ್ತಿರ ಎಲ್ಲಾದರೂ ಮಲಗಿ.

ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ರೂಮಿಗೆ ಬರುವುದು ಎಷ್ಟೋ ಹೊತ್ತಿನ ಮೇಲೆ. ನಮ್ಮಪ್ಪನ ಬಿಪಿ ಮಾತ್ರೆ ಪೆಟ್ಟಿಗೆಯಲ್ಲಿ ಹೋಗಿ ಸಂಜೆವರೆಗೆ ಒದ್ದಾಡಿದೆವು. ಮಾತ್ರೆ, ಮಗುವಿನ ಒಂದು ಜೊತೆ ಬಟ್ಟೆ, ಆಧಾರ್ ಎಲ್ಲ ಕೈಚೀಲದಲ್ಲೇ ಇರಲಿ.

ನಿಮ್ಮತ್ತೆಯವರ ಮಂಡಿ ನೋವು ಅಂದಿರಲ್ಲ, ಅದಕ್ಕೆ ಈ ಮಾತು ಮುಖ್ಯ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲ. ನೀರಿನ ನಡುವೆ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು, ಆ ದೋಣಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಹುಡುಗರು ಕೈ ಹಿಡಿಯುತ್ತಾರೆ, ಆದರೂ ನಮ್ಮ ದೊಡ್ಡಮ್ಮ ಹೆದರಿ ಇಳಿಯಲೇ ಇಲ್ಲ, ಇಡೀ ದಿನ ಡೆಕ್ಕಿನಲ್ಲೇ ಕೂತಿದ್ದರು. ಕಟ್ಟೆಗೆ ತಾಗಿ ನಿಲ್ಲುವ ಊರುಗಳಿರುವ ಟ್ರಿಪ್ ನೋಡಿ.

ಇನ್ನೊಂದು ಮಾತು. ಮೊದಲ ದಿನ ನಾವು ಹನ್ನೊಂದೂ ಜನ ಒಟ್ಟಿಗೆ ಓಡಾಡಿದೆವು, ಒಬ್ಬರಿಗೆ ಬಾತ್‌ರೂಮು ಅಂದರೆ ಎಲ್ಲರೂ ನಿಲ್ಲುವುದು, ಮಕ್ಕಳಿಗೆ ಈಜು ಬೇಕು, ಹಿರಿಯರಿಗೆ ಬಿಸಿಲು ಬೇಡ. ಸಂಜೆಗೆ ಎಲ್ಲರ ಮುಖ ಊದಿತ್ತು. ಎರಡನೇ ದಿನದಿಂದ ರಾತ್ರಿ ಊಟ ಮಾತ್ರ ಒಟ್ಟಿಗೆ, ಹಗಲು ಯಾರಿಗೆ ಏನು ಬೇಕೋ ಅದು ಅಂತ ಮಾಡಿಕೊಂಡೆವು. ಆಮೇಲೆ ಊಟದ ಟೇಬಲ್ಲಿನಲ್ಲಿ ಹೇಳಲು ಎಲ್ಲರಿಗೂ ಒಂದೊಂದು ಕಥೆ ಇತ್ತು.

ಮೂರ್ನಾಡು ಹುಡುಗ:

ನಾನು 7 ವರ್ಷ ಕ್ರೂಸ್ ಹಡಗುಗಳಲ್ಲಿ ಹೌಸ್‌ಕೀಪಿಂಗ್‌ನಲ್ಲಿದ್ದೆ, ಈಗ ಊರಿನಲ್ಲೇ ಇದ್ದೇನೆ. ಅಕ್ಕ, ಮುಂಗಡ ಕಟ್ಟಿಲ್ಲ ತಾನೆ? ಕಟ್ಟುವ ಮುಂಚೆ ಇದನ್ನು ಓದಿ.

ನಿಮ್ಮ ತಮ್ಮನ ಹೆಂಡತಿ ಈಗ ಎರಡೂವರೆ ತಿಂಗಳು ಅಂದಿರಿ. ಬಹುತೇಕ ಕ್ರೂಸ್ ಕಂಪನಿಗಳು 24 ವಾರ ತುಂಬಿದ ಬಸುರಿಯರನ್ನು ಹತ್ತಿಸಿಕೊಳ್ಳುವುದಿಲ್ಲ, ಅದನ್ನು ಲೆಕ್ಕ ಹಾಕುವುದು ಹತ್ತುವ ದಿನಕ್ಕಲ್ಲ, ಟ್ರಿಪ್ ಮುಗಿಯುವ ದಿನಕ್ಕೆ. ಸಂಕ್ರಮಣ ಕಳೆದು ಹೊರಟರೆ ಅವರಿಗೆ 27, 28 ವಾರ ಆಗಿರುತ್ತದೆ. ಬಂದರಿನಲ್ಲೇ ನಿಲ್ಲಿಸುತ್ತಾರೆ, ಡಾಕ್ಟರ್ ಚೀಟಿ ತೋರಿಸಿದರೂ ಆಗಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ, ಗಂಡ ಹೆಂಡತಿ ಇಬ್ಬರೂ ಪೆಟ್ಟಿಗೆ ಹಿಡಿದುಕೊಂಡು ವಾಪಸ್ ಹೋಗುವುದನ್ನು. ಸರಿ, ಏಪ್ರಿಲ್ ರಜೆಗೆ ಹೋಗೋಣ ಅಂದರೆ ಆಗ ಮಗುವಿಗೆ ಮೂರು ತಿಂಗಳು. ಕೂಸಿಗೆ ಕಮ್ಮಿ ಅಂದರೂ 6 ತಿಂಗಳು ಆಗಿರಬೇಕು ಅನ್ನುವುದು ಸಾಮಾನ್ಯ ನಿಯಮ, ಸಮುದ್ರದಲ್ಲೇ ಜಾಸ್ತಿ ದಿನ ಕಳೆಯುವ ಟ್ರಿಪ್ ಆದರೆ ಒಂದು ವರ್ಷ. ಜೂನ್ ಆದ ಮೇಲೆ ಅರಬ್ಬಿ ಸಮುದ್ರದಲ್ಲಿ ಮಳೆಗಾಲ. ಹಾಗಾಗಿ ಒಂದೋ ಅವರಿಬ್ಬರನ್ನು ಬಿಟ್ಟು ಹೋಗಬೇಕು, ಇಲ್ಲವಾದರೆ ಮುಂದಿನ ವರ್ಷದ ಅಕ್ಟೋಬರ್. ಬೇಜಾರು ಮಾಡಿಕೊಳ್ಳಬೇಡಿ.

ಈಗ ರೂಮು. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್, ಕಿಟಕಿ ಇರುವುದು, ಬಾಲ್ಕನಿ ಇರುವುದು ಅಂತ ಮೂರು ಥರ. ಅವ್ವನಿಗೆ ಸಮುದ್ರ ತೋರಿಸಲು ಹೋಗುತ್ತಿರುವುದಲ್ವಾ, ಅಪ್ಪ ಅವ್ವನಿಗೆ ಮಾತ್ರ ಬಾಲ್ಕನಿಯೋ ಕಿಟಕಿಯೋ ತೆಗೆದುಕೊಳ್ಳಿ, ಉಳಿದವರಿಗೆ ಒಳಗಿನದು ಸಾಕು, ಮಲಗಲು ಮಾತ್ರ ಹೋಗುವುದು. ಎಲ್ಲರೂ ಸಂಜೆ ಅವರ ರೂಮಿನಲ್ಲಿ ಸೇರಬಹುದು. ನಾಲ್ಕು ಜನರ ಕ್ಯಾಬಿನ್ ಅಂದರೆ ಇಬ್ಬರಿಗೆ ಗೋಡೆಯಿಂದ ಮಡಚಿ ಇಳಿಸುವ ಮೇಲಿನ ಹಾಸಿಗೆ, ರೈಲಿನ ಬರ್ತ್ ಥರ. ಹಿರಿಯರಿಗೆ ಅದನ್ನು ಕೊಡಬೇಡಿ. ಮೂರು ವರ್ಷದವಳಿಗೂ ಬೇಡ.

ಹಡಗಿನ ಎಲ್ಲ ಕಡೆಯೂ ಒಂದೇ ಥರ ಅಲ್ಲಾಡುವುದಿಲ್ಲ. ತೊಟ್ಟಿಲನ್ನು ನೆನೆಸಿಕೊಳ್ಳಿ, ತುದಿಗಳು ಜಾಸ್ತಿ ಆಡುತ್ತವೆ, ನಡು ಕಮ್ಮಿ. ಹಾಗೇ ಹಡಗಿನ ಉದ್ದಕ್ಕೆ ನಡುಭಾಗ, ಎತ್ತರದಲ್ಲಿ ಕೆಳಗಿನ ಡೆಕ್, ಅಲ್ಲಿ ಕ್ಯಾಬಿನ್ ಕೇಳಿ, ಲಿಫ್ಟ್‌ಗೆ ಹತ್ತಿರ ಇದ್ದರೆ ಅತ್ತೆಯವರಿಗೂ ಒಳ್ಳೆಯದು. ಘಾಟಿಯಲ್ಲಿ ವಾಂತಿ ಮಾಡುವ ಮಗುವಿಗೆ ಹಡಗಿನಲ್ಲೂ ಆಗಬಹುದು, ಎರಡಕ್ಕೂ ಕಾರಣ ಒಂದೇ. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗೆ ಸಮತೋಲನ ನೋಡಿಕೊಳ್ಳುವ ಭಾಗ ಇನ್ನೊಂದು ಹೇಳುತ್ತದೆ, ತಲೆಗೆ ಗಲಿಬಿಲಿ ಆಗುತ್ತದೆ. ಆದರೆ ದೊಡ್ಡ ಹಡಗು ಘಾಟಿ ಬಸ್ಸಿನಷ್ಟು ಕುಲುಕುವುದಿಲ್ಲ, ಅಲುಗಾಟ ತಡೆಯಲು ಎರಡು ಬದಿಗೂ ನೀರೊಳಗೆ ರೆಕ್ಕೆಯಂಥದ್ದು ಇರುತ್ತದೆ. ಮೊಬೈಲ್ ಕೊಟ್ಟು ಕೂರಿಸಬೇಡಿ. ಮೇಲೆ ಗಾಳಿಗೆ ಕರೆದುಕೊಂಡು ಹೋಗಿ ದೂರದಲ್ಲಿ ನೀರೂ ಆಕಾಶವೂ ಸೇರುವ ಗೆರೆ ನೋಡಿಸಿ. ಮಾತ್ರೆಯನ್ನು ವಾಂತಿ ಶುರುವಾಗುವ ಮುಂಚೆ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟು ಸಣ್ಣ ಮಗುವಿಗೆ ಯಾವುದು, ಎಷ್ಟು ಅಂತ ಮಕ್ಕಳ ಡಾಕ್ಟರ್ ಹತ್ತಿರ ಕೇಳಿಯೇ ಕೊಡಿ.

ಹತ್ತಿದ ದಿನ ಸುರಕ್ಷತೆಯ ಡ್ರಿಲ್ ಇರುತ್ತದೆ, ಯಾವ ಕಡೆ ಹೋಗಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಬೇಕು ಅಂತ. 2012ರಲ್ಲಿ ಇಟಲಿ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಮುಳುಗಿದಾಗ ಅವತ್ತೇ ಹತ್ತಿದ್ದ ಎಷ್ಟೋ ಜನರಿಗೆ ಡ್ರಿಲ್ ಆಗಿರಲೇ ಇಲ್ಲ. ಆಮೇಲೆ ನಿಯಮ ಬಿಗಿ ಮಾಡಿದರು, ಈಗ ಹಡಗು ಹೊರಡುವ ಮುಂಚೆಯೇ ಆಗಬೇಕು. ನಮ್ಮವರು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂರುವುದನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ, ಅಪ್ಪ ಅವ್ವನನ್ನೂ ಕರೆದುಕೊಂಡು ಹೋಗಿ. ಚಿಕ್ಕವಳ ಅಳತೆಯ ಜಾಕೆಟ್ ರೂಮಿನಲ್ಲಿ ಇಲ್ಲದಿದ್ದರೆ ಕೇಳಿ, ತಂದುಕೊಡುತ್ತಾರೆ.

ಡೈಪರ್ ಹಾಕಿದ ಮಗುವನ್ನು ಈಜುಕೊಳಕ್ಕೆ ಬಿಡುವುದಿಲ್ಲ. ಮಕ್ಕಳ ಕ್ಲಬ್ ಹೆಚ್ಚಿನ ಹಡಗುಗಳಲ್ಲಿ ಮೂರು ವರ್ಷದಿಂದ ಮೇಲೆ, ಅದೂ ಡೈಪರ್ ಬಿಟ್ಟಿದ್ದರೆ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಿ. ಹಡಗಿನಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವ ವಾಂತಿ ಭೇದಿಯ ವೈರಸ್ ಸ್ಯಾನಿಟೈಸರ್‌ಗೆ ಸರಿಯಾಗಿ ಸಾಯುವುದಿಲ್ಲ.

ಸಿದ್ದಾಪುರದ ಅಕ್ಕ:

ದುಡ್ಡಿನ ವಿಷಯ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ನಮ್ಮ ಮನೆಯಲ್ಲಿ ಮನಸ್ತಾಪ ಆದದ್ದು ಅದರಿಂದಲೇ.

ಏಜೆಂಟ್ ಒಬ್ಬರು ಒಬ್ಬರಿಗಿಷ್ಟು ಅಂತ ಒಂದು ರೇಟು ಹೇಳಿದರು, ನಾವು ಅದನ್ನೇ ಎಲ್ಲರಿಗೂ ಹೇಳಿಬಿಟ್ಟೆವು. ಆಮೇಲೆ ಬಂದರು ಶುಲ್ಕ, ಜಿಎಸ್‌ಟಿ, ದಿನಕ್ಕಿಷ್ಟು ಅಂತ ತಲೆಗೊಂದು ಟಿಪ್ಸ್, ಎಲ್ಲ ಸೇರಿ ಬೇರೆಯೇ ಮೊತ್ತ ಆಯಿತು. ತೋಟ ನೋಡಿಕೊಳ್ಳುವ ಮೈದುನನಿಗೆ ಆ ಸಮಯದಲ್ಲಿ ಕೈ ಖಾಲಿ, ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲಿಂದಲೋ ಸಾಲ ತಂದರು. ನಮಗೆ ಗೊತ್ತಾದದ್ದು ವರ್ಷ ಕಳೆದು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಹಾಗಾಗಿ ಎಲ್ಲ ಸೇರಿಸಿದ ಕಡೆಯ ಮೊತ್ತ ಬರೆಸಿಕೊಂಡು ಮೊದಲ ಮಾತುಕತೆಯಲ್ಲೇ ಮುಂದಿಡಿ. ನಿಮ್ಮ ಅಣ್ಣ ಮುಂಬೈ ಸಾಕು ಅಂದರೆ ಅದನ್ನೇ ಹಿಡಿಯಿರಿ, ತಮ್ಮ ಜಾಸ್ತಿ ಕೊಡುತ್ತೇನೆ ಅಂದರೆ ಅದು ಅಪ್ಪ ಅವ್ವನ ರೂಮಿಗೆ ಹೋಗಲಿ.

ಸಿಂಗಾಪುರವೇ ಆದರೆ ಮಕ್ಕಳಿಗೂ ಸೇರಿ ಎಲ್ಲರಿಗೂ ಪಾಸ್‌ಪೋರ್ಟ್ ಬೇಕು, 6 ತಿಂಗಳ ಅವಧಿ ಉಳಿದಿರಬೇಕು. ಅಲ್ಲಿಂದ ಹಡಗು ಹತ್ತಿ ಬೇರೆ ದೇಶಕ್ಕೆ ಹೋಗಿ ತಿರುಗಿ ಸಿಂಗಾಪುರಕ್ಕೇ ಬರುತ್ತೀರಿ, ಅಂದರೆ ಎರಡು ಸಲ ಒಳಗೆ ಹೋದ ಹಾಗೆ, ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಬಿಡುವಂಥದ್ದಾ ಅಂತ ನೋಡಿಕೊಳ್ಳಿ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ನಮ್ಮವರನ್ನು ವೀಸಾ ಇಲ್ಲದೆ ಬಿಡುತ್ತಿದೆ, ಆದರೂ ಹೊರಡುವ ಮುಂಚೆ ಇನ್ನೊಮ್ಮೆ ವಿಚಾರಿಸಿ. ಹಡಗು ದಡ ಬಿಟ್ಟ ಮೇಲೆ ಎಲ್ಲರ ಫೋನೂ ಏರೋಪ್ಲೇನ್ ಮೋಡ್‌ಗೆ ಹಾಕಿಸಿ. ಹಡಗಿನ ನೆಟ್‌ವರ್ಕ್ ತಾನಾಗಿ ಹಿಡಿದುಕೊಂಡರೆ ಬಿಲ್ಲು ನೋಡಿ ಎದೆ ಹಾರುತ್ತದೆ.

ಮನೆಯ ವೈನ್ ತೆಗೆದುಕೊಂಡು ಹೋಗಲು ಬಿಡುವುದಿಲ್ಲ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಕೂಡ ಇಲ್ಲ. ನಮ್ಮತ್ತೆಗೆ ಬೆಳಿಗ್ಗೆ ಬೆಲ್ಲದ ಕಾಫಿ ಇಲ್ಲದೆ ಆಗಲ್ಲ, ಅದಕ್ಕೆ ಬೆಲ್ಲದ ಒಂದು ಸೀಲ್ ಮಾಡಿದ ಪ್ಯಾಕೆಟ್ ಇಟ್ಟುಕೊಂಡಿದ್ದೆ, ಅಲ್ಲಿ ಕರಿ ಕಾಫಿ ತೆಗೆದುಕೊಂಡು ಹಾಕಿ ಕೊಡುತ್ತಿದ್ದೆ.

ವಿರಾಜಪೇಟೆ ಮಗಳು:

ಮೂರು ದಿನ ಕರೆಂಟ್ ಇರಲಿಲ್ಲ, ಈಗ ಓದಿದೆ. ಮೂರ್ನಾಡಿನ ತಮ್ಮಾ, ನಿನ್ನ ಮಾತು ಓದಿ ಕೈಕಾಲು ತಣ್ಣಗಾಯಿತು. ಬಸುರಿಯ ನಿಯಮ ನಮ್ಮಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ, ಮುಂದಿನ ವಾರ ಮುಂಗಡ ಕಟ್ಟುವವರಿದ್ದೆವು.

ತಮ್ಮನ ಹೆಂಡತಿ "ನನ್ನ ಬಿಟ್ಟು ಹೋಗಿ" ಅಂದಳು, ಪಾಪ. ಅಪ್ಪ ಒಪ್ಪಲಿಲ್ಲ. "ಐವತ್ತಾದರೇನು, ಐವತ್ತೊಂದಾದರೇನು, ಹೊಸ ಕೂಸೂ ಬರಲಿ" ಅಂದರು. ಹಾಗಾಗಿ ಮುಂದಿನ ಅಕ್ಟೋಬರ್, ಮುಂಬೈಯಿಂದ. ಕೂಸಿಗೆ ಆಗ ಒಂಬತ್ತು ತಿಂಗಳು. ಅಣ್ಣನಿಗೂ ಒಂದು ಬೆಳೆಯ ದುಡ್ಡು ಕೈಗೆ ಬಂದಿರುತ್ತದೆ, ಅಕ್ಕ ಹೇಳಿದ ಹಾಗೆ ಪೂರ್ತಿ ಲೆಕ್ಕ ಬರೆಸಿ ಅವನಿಗೇ ಮೊದಲು ತೋರಿಸುತ್ತೇನೆ. ಈ ಸಲ ಮಳೆ ಬಿಟ್ಟ ಮೇಲೆ ಮಲ್ಪೆಗೆ ಹೋಗಿ ಸೇಂಟ್ ಮೇರೀಸ್ ದ್ವೀಪದ ದೋಣಿ ಹತ್ತಿಸುತ್ತೇವೆ. ಅವ್ವನಿಗೂ ಚಿಕ್ಕವಳಿಗೂ ನೀರು ಹೇಗೆ ಹಿಡಿಸುತ್ತದೆ ಅಂತ ಗೊತ್ತಾಗುತ್ತದೆ.

ಇನ್ನೊಂದೇ ಪ್ರಶ್ನೆ. ಹಡಗಿನ ಊಟಕ್ಕೆ ಅಪ್ಪ ಕುಪ್ಯ ಚೇಲೆ (ನಮ್ಮ ಕೊಡವರ ಉದ್ದ ಕೋಟು, ರೇಷ್ಮೆ ನಡುಪಟ್ಟಿ) ಹಾಕಬೇಕು ಅಂತಿದ್ದಾರೆ, ಸೊಂಟಕ್ಕೆ ಸಿಕ್ಕಿಸುವ ಪೀಚೆ ಕತ್ತಿ ಸಮೇತ. ಬಿಡುತ್ತಾರಾ?

ಮೂರ್ನಾಡು ಹುಡುಗ:

ಕುಪ್ಯ ಚೇಲೆ ಧಾರಾಳವಾಗಿ ಹಾಕಲಿ ಅಕ್ಕ, ಇಡೀ ಊಟದ ಹಾಲ್ ತಿರುಗಿ ನೋಡುತ್ತದೆ. ಪೀಚೆ ಕತ್ತಿ ಬೇಡ. ಬಂದರಿನಲ್ಲಿ ಪೆಟ್ಟಿಗೆ ಎಲ್ಲ ಎಕ್ಸ್‌ರೇಗೆ ಹೋಗುತ್ತದೆ, ಬೆಳ್ಳಿ ಹಿಡಿಯ ಕತ್ತಿ ಅಲ್ಲಿ ಹಿಡಿದಿಟ್ಟುಕೊಂಡರೆ ಅಪ್ಪನಿಗೆ ನೋವಾಗುತ್ತದೆ. ಹೊರಡುವ ಹಿಂದಿನ ದಿನ ನಿಮ್ಮ ಹಿರಿಯರ ಮನೆಯಾದ ಐನ್‌ಮನೆಯಲ್ಲಿ ಕತ್ತಿ ಕಟ್ಟಿಕೊಂಡು ಅವ್ವನ ಜೊತೆ ಒಂದು ಫೋಟೋ ತೆಗೆಸಿ, ಆಮೇಲೆ ಕತ್ತಿಯನ್ನು ಅಲ್ಲೇ ಬಿಟ್ಟು ಬನ್ನಿ. ಮತ್ತೆ ಅವ್ವ ಕೇಳಿದ್ದರಲ್ಲ, ನಿದ್ದೆ ಬರುತ್ತಾ ಅಂತ. ಸಮುದ್ರ ಸುಮ್ನೆ ಇದ್ದರೆ ಚೆನ್ನಾಗಿ ಬರುತ್ತದೆ, ಮೊದಲ ರಾತ್ರಿ ಇಂಜಿನ್ ಸದ್ದು ಸ್ವಲ್ಪ ಹೊಸದು ಅನ್ನಿಸಬಹುದು ಅಂತ ಹೇಳಿ.