ಮಗ ಯಾರನ್ನು ನೋಡಿ ಕಲಿಯಲಿ: ಲೈನೆಯನ್ನೋ, ಡೆಮಿಡೋವ್‌ನನ್ನೋ?

ಕೇಳಿದ್ದು: ನಾವಿರೋದು ಮಾಂಟ್ರಿಯಲ್‌ನಲ್ಲಿ. ಮಗನಿಗೆ ಹನ್ನೊಂದು ವರ್ಷ. ಐಸ್ ಹಾಕಿಯಲ್ಲಿ ರೈಟ್ ವಿಂಗ್ (ಬಲಗಡೆಯ ಫಾರ್ವರ್ಡ್), ಎಡಗೈ ಆಟ, ಅಂದರೆ ಸ್ಟಿಕ್ ಮೈಯ ಎಡಕ್ಕೆ ಹಿಡಿಯುತ್ತಾನೆ. ಒಬ್ಬ ಆಟಗಾರನನ್ನು ಹಿಡಿದು ಸೀಸನ್ ಪೂರ್ತಿ ಗಮನಿಸು ಅಂದಿದ್ದಾರೆ ಕೋಚ್. 2024ರ ಆಗಸ್ಟ್‌ನಲ್ಲಿ ಇಲ್ಲಿನ ಕೆನೇಡಿಯನ್ಸ್ ತಂಡಕ್ಕೆ ಬಂದ ಫಿನ್‌ಲ್ಯಾಂಡಿನ ಪ್ಯಾಟ್ರಿಕ್ ಲೈನೆಯೇ ಬೇಕು ಅಂತ ಮಗನ ಹಟ. 2025ರ ಏಪ್ರಿಲ್‌ನಲ್ಲಿ ಸೇರಿದ ರಷ್ಯಾದ ಇವಾನ್ ಡೆಮಿಡೋವ್ ವಾಸಿ ಅಂತಾರೆ ನಮ್ಮವರು. ನನಗೆ ಈ ಆಟ ಅಷ್ಟಕ್ಕಷ್ಟೆ. ಮಕ್ಕಳನ್ನು ಆಡಿಸಿದವರು ಹೇಳಿ.

ಒಬ್ಬರು: ನನ್ನ ಮಗಳು ಆರು ವರ್ಷ ಆಡಿದಳು. ಬೆಳಗಿನ ಜಾವ ರಿಂಕ್‌ನಲ್ಲಿ ನಡುಗುತ್ತಾ ಕೂತು ಕಲಿತದ್ದು ಹೇಳುತ್ತೇನೆ, ಅಕ್ಕಾ.

ಲೈನೆಯದು ಕಾದು ಹೊಡೆಯುವ ಆಟ. ಎದುರಾಳಿಗೆ ಪೆನಾಲ್ಟಿ ಬಿದ್ದು ಗೋಲ್‌ಕೀಪರ್ ಬಿಟ್ಟು ನಾಲ್ಕೇ ಜನ ಉಳಿದಾಗ (ಇದೇ ಪವರ್ ಪ್ಲೇ) ಐಸ್ ಮೇಲೆ ಬರೆದ ಎಡಗಡೆಯ ವೃತ್ತದ ಹತ್ತಿರ ಹೋಗಿ ನಿಲ್ಲುತ್ತಾನೆ. ಅವನದು ಬಲಗೈ ಹೊಡೆತ. ಆಚೆಯಿಂದ ಪಾಸ್ ಬಂದರೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ನಿಲ್ಲಿಸೋದೇ ಇಲ್ಲ, ಬಂದ ಹಾಗೇ ಬಾರಿಸುತ್ತಾನೆ. ಗೋಲ್‌ಕೀಪರ್ ಆ ಕಂಬದಿಂದ ಈ ಕಂಬಕ್ಕೆ ಜಾರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಮಂಡಿಗೆ ಪೆಟ್ಟಾಗಿ 2024ರ ಡಿಸೆಂಬರ್‌ವರೆಗೆ ಆಡಲಿಲ್ಲ, ಆದರೂ ಆ ಸೀಸನ್‌ನಲ್ಲಿ 52 ಪಂದ್ಯಕ್ಕೆ 20 ಗೋಲು. ಅದರಲ್ಲಿ 15 ಪವರ್ ಪ್ಲೇಯಲ್ಲೇ ಬಂದವು. ಮಿಕ್ಕ ಹೊತ್ತು? ಓಡಾಟ ಕಡಿಮೆ. ಟೀವಿ ಮುಂದೆ ಕೂತು ನಾನೇ ಎಷ್ಟೋ ಸಲ ಬೈದಿದ್ದೇನೆ.

ಡೆಮಿಡೋವ್ ಕಾಯುವವನಲ್ಲ, ಕೆಣಕುವವನು. ಪಕ್ ಸಿಕ್ಕರೆ ಬೇಕಂತಲೇ ಒಂದು ಕ್ಷಣ ನಿಧಾನ ಮಾಡುತ್ತಾನೆ. ಡಿಫೆಂಡರ್ ಕಾಲು ತಡವರಿಸಿದ ಕೂಡಲೇ ಸ್ಕೇಟಿನ ಅಂಚಿನ ಮೇಲೆ ಗಿರ್‍ರನೆ ತಿರುಗಿ ಒಳಗೆ ನುಗ್ಗುತ್ತಾನೆ. ಏಪ್ರಿಲ್ 14ರಂದು ಚಿಕಾಗೊ ಎದುರು ಮೊದಲ ಪಂದ್ಯ, ಮೊದಲ ಪೀರಿಯಡ್‌ನಲ್ಲೇ ಒಂದು ಅಸಿಸ್ಟ್ (ಗೋಲಿಗೆ ನೆರವಾದ ಪಾಸ್), ಒಂದು ಗೋಲು! ಮುಖ್ಯವಾಗಿ ಅವನೂ ಎಡಗೈ, ರೈಟ್ ವಿಂಗ್. ಹೀಗೆ ಆಡುವವರು ಒಳಗೆ ತಿರುಗಿದಾಗ ಸ್ಟಿಕ್ ನಡುವಿನ ಕಡೆಗಿರುತ್ತದೆ. ಹೊಡೆಯಲೂಬಹುದು, ಕೊಡಲೂಬಹುದು. ಆದರೆ ಬಲಗಡೆ ಬೋರ್ಡ್ (ರಿಂಕ್ ಸುತ್ತಲಿನ ಗೋಡೆ) ಪಕ್ಕ ಬರುವ ಪಕ್ ಹಿಡಿಯೋದು ಕಷ್ಟ, ಬ್ಯಾಕ್‌ಹ್ಯಾಂಡ್‌ನಲ್ಲೇ, ಅಂದರೆ ಸ್ಟಿಕ್ಕಿನ ಹಿಂಬದಿಯಲ್ಲೇ ಹಿಡಿಯಬೇಕು. ಅದನ್ನು ಅವನು ಹೇಗೆ ಮಾಡುತ್ತಾನೆ ಅಂತ ಹುಡುಗ ನೋಡಲಿ. ನನ್ನ ಓಟು ಡೆಮಿಡೋವ್‌ಗೆ.

ಇನ್ನೊಬ್ಬರು: ನಾನು ಕೊಡಗಿನವನು, ಮಣ್ಣಿನ ಮೈದಾನದಲ್ಲಿ ಹಾಕಿ ಆಡಿ ಬೆಳೆದವನು. ನನ್ನ ಕಣ್ಣಿಗೆ ಲೈನೆ ಅಂದರೆ ನಮ್ಮ ಪೆನಾಲ್ಟಿ ಕಾರ್ನರ್‌ನ ಡ್ರ್ಯಾಗ್ ಫ್ಲಿಕರ್ ಇದ್ದ ಹಾಗೆ, ಗೋಲು ಹೊಡೆಯಲೆಂದೇ ಕಾದು ನಿಲ್ಲುವವನು. ಆದರೂ ಅವನನ್ನು ಸುಮ್ನೆ ತಳ್ಳಿಹಾಕಬೇಡಿ. ಪಾಸ್ ಬರುವ ಮೊದಲೇ ಅವನ ಕಾಲು, ಸ್ಟಿಕ್ ಎರಡೂ ತಯಾರಾಗಿರುತ್ತವೆ. ಮಕ್ಕಳು ಪಕ್ ಬಂದ ಮೇಲೆ ಯೋಚನೆ ಮಾಡ್ತಾರೆ, ಅಲ್ವಾ? ಹೊಡೆತದ ಜೋರು ಆಮೇಲೆ ಬರುತ್ತದೆ, ಈ ತಯಾರಿ ಈಗಲೇ ಕಲಿಯಬಹುದು.

ಮತ್ತೊಬ್ಬರು: ನಮ್ಮವನಿಗೂ ಲೈನೆ ಹುಚ್ಚಿತ್ತು. ಅಂಗಡಿಯವರ ಮಾತು ಕೇಳಿ ದೊಡ್ಡವರ ಗಟ್ಟಿ ಸ್ಟಿಕ್ ತಂದೆವು. ಅದು ಬಾಗಲೇ ಇಲ್ಲ, ಶಾಟ್ ಮೇಲೇಳಲೇ ಇಲ್ಲ. ಮಣಿಕಟ್ಟು ನೋವು ಬೇರೆ. ಮಗುವಿನ ತೂಕ ಎಷ್ಟು ಪೌಂಡೋ ಅದರ ಅರ್ಧ ಫ್ಲೆಕ್ಸ್ (ಸ್ಟಿಕ್ ಎಷ್ಟು ಗಟ್ಟಿ ಅಂತ ಹೇಳುವ ಅಂಕಿ) ಅನ್ನೋದು ಇಲ್ಲಿನವರ ಅಂದಾಜು ಲೆಕ್ಕ. 80 ಪೌಂಡಿಗೆ 40. ಸ್ಟಿಕ್ಕಿನ ಮೇಲೇ ಬರೆದಿರುತ್ತೆ, ನೋಡಿ.

ಕೇಳಿದವರು: ಈಗಷ್ಟೇ ನೋಡಿದೆ. 65 ಅಂತಿದೆ. ಮಗನ ತೂಕ 78 ಪೌಂಡು! ಡೆಮಿಡೋವ್ ವಿಡಿಯೊ ಸಂಜೆ ನೋಡಿದರಾಯ್ತು, ಮೊದಲು ಅಂಗಡಿಗೆ ಹೊರಟೆ.